ಸೀನೀರು ಕೆರೆಯನ್ನು ಹಳಿದವಳು

ಮತ್ತೆ ನಡುವೆ ಬಾಯಿ! ಅರಸ ಅಂದ ಕೂಡಲೇ ಒಬ್ಬಳಿಗೆ ಬಾಯಾರಿಕೆ. ಅರಸನ ಕೆರೆ ಅಂದ ಕೂಡಲೇ ಇನ್ನೊಬ್ಬನಿಗೆ ಒಂದಕ್ಕೆ ಅವಸರ. ಮೂರನೆಯವಳಿಗೆ ಅರಸನಿಗೆ ಮೀಸೆ ಇತ್ತೋ ಇಲ್ಲವೋ ಅನ್ನುವ ಚಿಂತೆ. ಇತ್ತು. ಎರಡು ಅಳಿಲಿನ ಬಾಲ ಅಂಟಿಸಿದ ಹಾಗೆ ದಪ್ಪ ಮೀಸೆ ಇತ್ತು. ಆಯಿತಾ? ಇನ್ನು ಯಾರಾದರೂ ತುಟಿ ಅಲ್ಲಾಡಿಸಿದರೆ ಕತೆ ಇಲ್ಲಿಗೇ ನಿಂತಿತು, ಎಲ್ಲರೂ ಗೋಡೆಗೆ ಮುಖ ಮಾಡಿ ಮಗ್ಗಿ ಹೇಳುವುದು.

ಬಾವಿ ನೀರೆಲ್ಲ ಉಪ್ಪಾಗಿದ್ದ ಒಂದು ಸೀಮೆಯಲ್ಲಿ ಬೊಮ್ಮರಸ ಅಂತ ಒಬ್ಬ ಅರಸ ಇದ್ದ. ಎಂಥ ಉಪ್ಪು ಅಂತೀರಿ? ಆ ನೀರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಬೆಳಗ್ಗೆ ಒಲೆಗಿಟ್ಟ ತೊಗರಿಬೇಳೆ ಸಂಜೆಗೂ ಕಲ್ಲು ಕಲ್ಲು. ಸೀಗೆಪುಡಿ ತಲೆಗೆ ತಿಕ್ಕಿದರೆ ನೊರೆ ಬರುತ್ತಿರಲಿಲ್ಲ, ಅಳು ಬರುತ್ತಿತ್ತು. ಒಂದು ಚೊಂಬು ಕುಡಿದರೆ ಎರಡು ಚೊಂಬಿನಷ್ಟು ದಾಹ.

ಅದಕ್ಕೇ ಅರಸನ ತಾತ ಊರ ಮೇಲಿನ ಗುಡ್ಡಗಳ ನಡುವೆ ಏರಿ ಕಟ್ಟಿಸಿ, ಮಳೆನೀರು ನಿಲ್ಲಿಸಿ, ಒಂದು ದೊಡ್ಡ ಕೆರೆ ಮಾಡಿಸಿದ್ದ. ಸೀನೀರು ಕೆರೆ ಅಂತಲೇ ಅದರ ಹೆಸರು. ಬಡಗಣ ತೂಬಿನಿಂದ ಹೊರಟ ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ಊರ ನಡುವಿನ ತೊಟ್ಟಿಗೆ ಬೀಳುತ್ತಿತ್ತು. ಹೆಂಗಸರು ತೊಟ್ಟಿಯಿಂದ ಕೊಡ ತುಂಬಿಕೊಳ್ಳುತ್ತಿದ್ದರು. ಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು.

ತಾತ ಸಾಯುವಾಗ ಒಂದು ಕಟ್ಟಳೆ ಮಾಡಿಟ್ಟು ಹೋದ. "ಇದು ಕುಡಿಯುವ ನೀರು. ಕಾಲು ಇಳಿಯಬಾರದು, ಗಾಳ ಇಳಿಯಬಾರದು, ತೆಪ್ಪ ಇಳಿಯಬಾರದು. ಇಳಿದವರನ್ನು ಮನೆಮಂದಿ ಸಮೇತ ಗಡಿ ದಾಟಿಸುವುದು."

ಒಳ್ಳೆಯ ಕಟ್ಟಳೆಯೇ. ಕುಡಿಯುವ ನೀರಲ್ಲಿ ಯಾರಾದರೂ ಎಮ್ಮೆ ತೊಳೆಯುತ್ತಾರಾ? ಕೆರೆಯ ಸುತ್ತ ಗೋಡೆ, ಗೋಡೆಗೊಂದು ಬಾಗಿಲು, ಬಾಗಿಲಿಗೊಂದು ಬೀಗ, ಬೀಗದ ಕೈ ಕೆರೆ ನೋಡಿಕೊಳ್ಳುವ ಪಾರುಪತ್ಯಗಾರ ಅಂಕಪ್ಪಯ್ಯನ ಉಡಿದಾರದಲ್ಲಿ. ಊರಿನವರು ಕೆರೆಯ ನೀರು ಕುಡಿದಿದ್ದರೇ ಹೊರತು ಕೆರೆಯ ಮುಖ ಕಂಡಿರಲಿಲ್ಲ.

ಕಾಣದಿದ್ದರೂ ಅವರಿಗೊಂದು ರೋಗ ಇತ್ತು. ಆ ಊರಿನವರ ಅಪ್ಪನನ್ನು ಬೈದರೆ ನಗುತ್ತಿದ್ದರು. ಅವರ ಎತ್ತನ್ನು ಬೈದರೆ ಸಹಿಸುತ್ತಿದ್ದರು. ಕೆರೆಯನ್ನು ಬೈದರೆ ಮಾತ್ರ ಮೈಮೇಲೆ ದೇವರು ಬಂದ ಹಾಗೆ ಆಡುತ್ತಿದ್ದರು. ಹೊಸದಾಗಿ ಮದುವೆಯಾದ ಒಬ್ಬ ಅಳಿಯ, "ನಿಮ್ಮ ನೀರು ಸ್ವಲ್ಪ ಸಪ್ಪೆ ಮಾವ" ಅಂದದ್ದಕ್ಕೆ, ಬಡಿಸಿದ ಎಲೆ ಬಿಟ್ಟು ಎದ್ದುಹೋಗಬೇಕಾಯಿತು.

ಊರ ಕೆಳಗೆ ಬೆಸ್ತರ ಬೀದಿ. ಅಲ್ಲಿ ಚಿಕ್ಕತಾಯಿ ಅಂತ ಒಬ್ಬ ಹೆಂಗಸು ಇದ್ದಳು. ವಯಸ್ಸು ಚಿಕ್ಕದು, ನಾಲಿಗೆ ಮಾತ್ರ ಇಳಿಗೆಮಣೆ. ಕಂಕುಳಲ್ಲಿ ಒಂದು ಕೂಸು, ಕೂಸಿಗೆ ಮೊದಲು ಹುಟ್ಟಿದ ಮಲ್ಲಾಜಿ ಅನ್ನುವ ಮಗಳು. ಗಂಡ ಮೀನು ಹಿಡಿಯಲು ಎರಡು ದಿನದ ದಾರಿ ನಡೆದು ಹೊಳೆಗೆ ಹೋಗುತ್ತಿದ್ದ. ತಲೆಯ ಮೇಲೆ ಅಷ್ಟು ದೊಡ್ಡ ಕೆರೆ, ಮೀನಿಗೆ ಮಾತ್ರ ಹೊಳೆಯವರೆಗೆ ಕಾಲು ಸವೆಸಬೇಕು. ಹೊಳೆಯಿಂದ ಮನೆಗೆ ಬರುವಷ್ಟರಲ್ಲಿ ಅರ್ಧ ಮೀನು ನಾರುತ್ತಿತ್ತು, ಇನ್ನರ್ಧ ಕಡಿಮೆ ಬೆಲೆಗೆ ಹೋಗುತ್ತಿತ್ತು.

ಒಂದು ಬೇಸಿಗೆ. ಬಿಸಿಲು ಹೇಗಿತ್ತೆಂದರೆ ಕಾಗೆಗಳು ಕೂಡ ಬಾಯಿ ತೆರೆದುಕೊಂಡು ಕೂತಿದ್ದವು. ಮಲ್ಲಾಜಿ ಮೇಕೆ ಮೇಯಿಸುತ್ತ ಗುಡ್ಡ ಹತ್ತಿದಳು. ಗೋಡೆಯಲ್ಲಿ ಒಂದು ಕಡೆ ಕಲ್ಲು ಕುಸಿದಿತ್ತು. ಒಳಗಿನಿಂದ ನಗು ಕೇಳಿಸಿತು. ಹುಡುಗಿ ತಲೆ ತೂರಿಸಿ ನೋಡಿದಳು.

ನೋಡಿದರೆ ಏನು! ನಡುಗೆರೆಯಲ್ಲಿ ಒಂದು ತೆಪ್ಪ. ತೆಪ್ಪದಲ್ಲಿ ಅಂಕಪ್ಪಯ್ಯ, ಅವನ ಕೈಯಲ್ಲಿ ಗಾಳ. ಪಕ್ಕದಲ್ಲಿ ಅವನ ಭಾವಮೈದ ರಾಚಣ್ಣ ಹುಟ್ಟು ಮಡಿಲಲ್ಲಿಟ್ಟುಕೊಂಡು ಹಾಡು ಹೇಳುತ್ತಿದ್ದಾನೆ. ಕಾವಲುಗಾರ ಗುಡ್ಡಯ್ಯ ತೂಬಿನ ಹತ್ತಿರ ಮೊಳಕಾಲವರೆಗೆ ನೀರಲ್ಲಿ ನಿಂತು, ಕಣ್ಣು ಮುಚ್ಚಿ, "ಹಾ" ಅನ್ನುತ್ತಿದ್ದಾನೆ.

ದೊಡ್ಡವರೇ ಇಳಿದಿದ್ದಾರಲ್ಲ ಅಂತ ಮಲ್ಲಾಜಿ ತಾನೂ ಧುಮುಕಿದಳು. ಚಿಕ್ಕ ಹುಡುಗಿ, ಚಿಕ್ಕ ಸದ್ದು. ಆದರೂ ಕೇಳಿಸಿತು. ಅಲ್ಲೇ ಹಿಡಿದರು. ದಡದ ಪೊದೆಯಲ್ಲಿ ತೆಪ್ಪ ಅಡಗಿತು, ಗಾಳ ಅಡಗಿತು, ಮೀನಿನ ಬುಟ್ಟಿ ಅಡಗಿತು. ಅಡಗಿಸಲು ಆಗದೇ ಉಳಿದದ್ದು ಒದ್ದೆ ಹುಡುಗಿ ಒಬ್ಬಳೇ.

ಗುಡ್ಡಯ್ಯ ಅವಳ ಕಿವಿ ಹಿಡಿದುಕೊಂಡು ಚಿಕ್ಕತಾಯಿಯ ಬಾಗಿಲಿಗೆ ಬಂದ. ಹಿಂದೆ ಅಂಕಪ್ಪಯ್ಯ, ಉತ್ತರೀಯ ಹೊದ್ದು, ಗಂಭೀರವಾಗಿ.

"ನಿನ್ನ ಮಗಳು ಊರ ಕುಡಿಯುವ ನೀರು ಕೆಡಿಸಿದಳು. ನಾಳಿದ್ದು ಅರಸರ ಚಾವಡಿಗೆ ಬಾ. ಗಂಟುಮೂಟೆ ಕಟ್ಟಿಕೊಂಡೇ ಬಾ," ಅಂದ.

"ಅವ್ವಾ, ಅವರೂ ಒಳಗೆ ಇದ್ದರು! ತೆಪ್ಪದಲ್ಲಿ ಇದ್ದರು!" ಅಂತ ಮಲ್ಲಾಜಿ ಕೂಗಿದಳು.

ಅಂಕಪ್ಪಯ್ಯ ನಕ್ಕ. "ಬಿಸಿಲು ತಲೆಗೆ ಹೊಡೆದಿದೆ ಮಗೀಗೆ. ಮಜ್ಜಿಗೆ ಕುಡಿಸವ್ವ."

ಅವನು ಹೋದ ಮೇಲೆ ಚಿಕ್ಕತಾಯಿ ಮಗಳಿಗೆ ಎರಡು ಬಿಟ್ಟಳು. ಆಮೇಲೆ ತಲೆ ಒರೆಸಿದಳು. ಆಮೇಲೆ ಎದುರಿಗೆ ಕೂರಿಸಿಕೊಂಡು, ಏನೇನು ಕಂಡೆ ಹೇಳು ಅಂತ ಮೊದಲಿಂದ ಕೊನೆಯವರೆಗೆ ಕೇಳಿದಳು. ಗಂಡ ಊರಲ್ಲಿಲ್ಲ. ಅವನು ಬರುವಷ್ಟರಲ್ಲಿ ಮನೆಗೆ ಬೀಗ ಬಿದ್ದಿರುತ್ತದೆ, ತಾನು ಎರಡು ಮಕ್ಕಳನ್ನು ಕಟ್ಟಿಕೊಂಡು ಯಾವುದೋ ಸೀಮೆಯ ಯಾವುದೋ ಮರದ ಕೆಳಗಿರುತ್ತಾಳೆ. ನೋಡಿದ್ದು ಮಗು ಒಂದೇ. ಮಗುವಿನ ಮಾತು ಯಾರು ನಂಬುತ್ತಾರೆ?

ಬೀದಿಯ ಯಜಮಾನನ ಹತ್ತಿರ ಹೋದಳು. ಅವನು, "ದೊಡ್ಡವರ ವಿಷಯ ತಾಯಿ, ನಮಗ್ಯಾಕೆ" ಅಂದ.

ಗುಡಿಯ ಪೂಜಾರಿಯ ಹತ್ತಿರ ಹೋದಳು. ಅವನು, "ಹಣೆಬರಹ ಕಣವ್ವ" ಅಂದ.

ಪಕ್ಕದ ಮನೆಯ ಪುಟ್ಟೀರಿಯ ಹತ್ತಿರ ಹೋದಳು. ಅವಳು, "ಹೋಗಿ ಅಂಕಪ್ಪಯ್ಯನ ಕಾಲು ಹಿಡಿ" ಅಂದಳು.

"ಅವನ ಕಾಲು ಒದ್ದೆ ಇದೆ ಅಕ್ಕ, ಹಿಡಿದರೆ ಜಾರುತ್ತೆ," ಅಂದಳು ಚಿಕ್ಕತಾಯಿ. ಅಂದವಳು ಮನೆಗೆ ಬಂದು, ಕೂಸಿಗೆ ಹಾಲು ಕೊಡುತ್ತ ಯೋಚನೆ ಮಾಡಿದಳು. ನಾನು ಹೇಳಿದರೆ ನಂಬುವುದಿಲ್ಲ, ಮಗು ಹೇಳಿದರೆ ನಂಬುವುದಿಲ್ಲ. ಹಾಗಾದರೆ ಅವರೇ ಹೇಳಬೇಕು. ಅವರ ಬಾಯಿ ಬಿಡಿಸುವುದು ಹೇಗೆ? ಬೆದರಿಸಿದರೆ ಬಿಡುವುದಿಲ್ಲ, ಬೇಡಿದರೆ ಬಿಡುವುದಿಲ್ಲ. ಅವರು ಎಷ್ಟೇ ಕಳ್ಳರಾದರೂ ಈ ಊರಿನವರೇ ತಾನೆ? ಈ ಊರಿನವರ ರೋಗ ಅವರಿಗೂ ಇರಲೇಬೇಕು ತಾನೆ?

ಚಾವಡಿಯ ದಿನ ಬಂತು. ಚಿಕ್ಕತಾಯಿ ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ಬಂದಳು. ಗಂಟು ಕಟ್ಟಿರಲಿಲ್ಲ. ಊರೆಲ್ಲ ನೆರೆದಿತ್ತು. ಅರಸ ಮೀಸೆ ತಿರುವುತ್ತ ಕೂತಿದ್ದ. ಒಂದು ಪಕ್ಕದಲ್ಲಿ ಅಂಕಪ್ಪಯ್ಯ, ರಾಚಣ್ಣ, ಗುಡ್ಡಯ್ಯ ಸಾಲಾಗಿ ನಿಂತಿದ್ದರು.

"ನಿನ್ನ ಮಗಳು ಕೆರೆಗೆ ಇಳಿದದ್ದು ನಿಜವೋ?" ಅಂತ ಅರಸ ಕೇಳಿದ.

"ನಿಜ ಬುದ್ಧಿ."

ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಅಂದುಕೊಂಡಿದ್ದವರೆಲ್ಲ ಮುಖ ಮುಖ ನೋಡಿಕೊಂಡರು.

"ಕಟ್ಟಳೆ ಗೊತ್ತಲ್ಲ?"

"ಗೊತ್ತು ಬುದ್ಧಿ. ಗಡಿ ದಾಟುತ್ತೇವೆ. ದುಃಖ ಒಂದೇ. ಒಳ್ಳೆ ಕೆರೆಗೆ ಇಳಿದು ಊರು ಬಿಟ್ಟಿದ್ದರೆ ಒಂದು ಮಾತಾಗಿತ್ತು. ಇಂಥ ಹಾಳು ಕೆರೆಗೆ ಇಳಿದು ಊರು ಬಿಡಬೇಕಲ್ಲ ಅಂತ ಹೊಟ್ಟೆ ಉರಿಯುತ್ತೆ."

ಚಾವಡಿಯಲ್ಲಿ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಅರಸನ ಮೀಸೆ ಕೂಡ ನೆಟ್ಟಗಾಯಿತು. "ಏನಂದೆ? ನಮ್ಮ ತಾತನ ಕೆರೆಗೆ ಏನು ಕೇಡು ಬಂದಿದೆ?"

"ಮೊದಲು ನೀರು, ಬುದ್ಧಿ. ನನ್ನ ಮಗಳು ಹೇಳಿದಳು. ಬಾಣಂತಿ ಸ್ನಾನದ ನೀರು ಇದ್ದ ಹಾಗೆ ಇದೆಯಂತೆ. ಬೆಚ್ಚಗೆ, ಲೋಳೆ ಲೋಳೆ. ಎಮ್ಮೆ ಕೂಡ ಒಂದು ಕಾಲಿಟ್ಟು ಹಿಂದೆಗೆಯುತ್ತೆ."

ಕಾವಲುಗಾರ ಗುಡ್ಡಯ್ಯ ಮೈಯೆಲ್ಲ ಉರಿದು ಒಂದು ಹೆಜ್ಜೆ ಮುಂದೆ ಬಂದ. "ಥೂ, ನಿನ್ನ ನಾಲಿಗೆಗಿಷ್ಟು! ನಮ್ಮ ಕೆರೆ ನೀರು ಬೆಚ್ಚಗಂತೆ! ಬಡಗಣ ತೂಬಿನ ಹತ್ತಿರ ನಿಂತು ನೋಡು, ಮೊಳಕಾಲು ಜೋಮು ಹಿಡಿದು ಹೋಗುತ್ತೆ! ನಡುಮಧ್ಯಾಹ್ನದಲ್ಲೂ ಹಲ್ಲು ಕಟಕಟ ಅನ್ನುತ್ತೆ!"

ಅರಸನ ಕೈ ಮೀಸೆಯ ಮೇಲೆ ನಿಂತಿತು. "ನಿನ್ನ ಮೊಳಕಾಲು ಅಲ್ಲಿಗೆ ಹೇಗೆ ಹೋಯಿತಯ್ಯಾ?"

ಅಂಕಪ್ಪಯ್ಯ ನಡುವೆ ನುಗ್ಗಿದ. "ಬುದ್ಧಿ, ಅವನು ಕಾಲುವೆಯ ಮಾತು ಹೇಳುತ್ತಿದ್ದಾನೆ. ಪೆದ್ದ. ತೂಬು ಯಾವುದು ಕಾಲುವೆ ಯಾವುದು ಗೊತ್ತಿಲ್ಲ." ಹೇಳುತ್ತ ಗುಡ್ಡಯ್ಯನ ಕಾಲು ತುಳಿದ. ಗುಡ್ಡಯ್ಯ ನಾಲಿಗೆ ಕಚ್ಚಿಕೊಂಡ.

"ಇರಲಿ ಬುದ್ಧಿ," ಅಂದಳು ಚಿಕ್ಕತಾಯಿ. "ನೀರು ತಣ್ಣಗೇ ಇರಲಿ. ಆ ನಡುಗೆರೆ ಇದೆಯಲ್ಲ, ಅದರ ಅವಸ್ಥೆ ನೋಡಲಾಗದು. ಬರೀ ಜೊಂಡು, ಬರೀ ಪಾಚಿ. ಗಾಳಿಯೇ ಇಲ್ಲ. ಒಂದು ತೆಪ್ಪ ಬಿಟ್ಟರೆ ಸೆಗಣಿಗುಂಡಿಯಲ್ಲಿ ಮೊರ ಇಟ್ಟ ಹಾಗೆ ಕೂತುಬಿಡುತ್ತೆ."

ಭಾವಮೈದ ರಾಚಣ್ಣ ಸ್ವಲ್ಪ ಹಾಡುಗಾರ, ಸ್ವಲ್ಪ ಶೋಕಿಲಾಲ. ಅವನಿಗೆ ತಡೆಯಲಾಗಲಿಲ್ಲ. "ಏ ಹೆಂಗಸೇ, ನಡುಗೆರೆ ಅಂದರೆ ಕನ್ನಡಿ ಕಣೇ, ಕನ್ನಡಿ! ಹುಟ್ಟು ಹಾಕೋದೇ ಬೇಡ, ಗಾಳಿಯೇ ತೆಪ್ಪಾನ ತೊಟ್ಟಿಲ ಹಾಗೆ ತೂಗುತ್ತೆ. ಅಲ್ಲಿ ಕೂತು ಹಾಡಿದರೆ ಆಚೆ ಗುಡ್ಡ ಪಲ್ಲವಿ ಹೇಳುತ್ತೆ!"

ಯಾರೋ ಹಿಂದಿನಿಂದ, "ರಾಚಣ್ಣ, ಒಂದು ಚರಣ ಹೇಳಣ್ಣ" ಅಂದರು. ಚಾವಡಿ ಗೊಳ್ಳೆಂದಿತು. ರಾಚಣ್ಣನ ಮುಖ ಸುಟ್ಟ ಬದನೆಕಾಯಿಯಾಯಿತು.

ಅರಸ ನಗಲಿಲ್ಲ. ಅಂಕಪ್ಪಯ್ಯನ ಕಡೆ ತಿರುಗಿ ಬರೀ ನೋಡಿದ.

"ಬುದ್ಧಿ, ಇವನು ಕನಸು ಕಾಣುವವನು, ಹಾಡುಗಾರರೇ ಹಾಗೆ," ಅಂದ ಅಂಕಪ್ಪಯ್ಯ. ಆದರೆ ಅವನಿಗೆ ಈಗ ಚಿಕ್ಕತಾಯಿಯ ಗಾಳ ಕಂಡಿತ್ತು. ಇಬ್ಬರು ಸಿಕ್ಕಿಬಿದ್ದರು, ನಾನು ಬೀಳುವುದಿಲ್ಲ ಅಂತ ತುಟಿ ಬಿಗಿಹಿಡಿದು, ಎರಡೂ ಕೈ ಹಿಂದೆ ಕಟ್ಟಿ, ಮೇಲಿನ ತೊಲೆ ನೋಡುತ್ತ ನಿಂತ. ಚಿಕ್ಕತಾಯಿ ಅದನ್ನು ಕಂಡಳು. ಇವನು ಬಾಯಿ ಬಿಡದಿದ್ದರೆ ಆ ಇಬ್ಬರ ಮೇಲೆ ತಪ್ಪು ಹಾಕಿ ಜಾರಿಕೊಳ್ಳುತ್ತಾನೆ. ಬೀಗದ ಕೈ ಇವನ ಹತ್ತಿರವೇ ಉಳಿಯುತ್ತದೆ. ತನಗೆ ಗಡಿಯೇ ಗತಿ.

ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. ಸೊಂಟ ನೋವು ಅನ್ನುವ ಹಾಗೆ ಚಾವಡಿಯ ಕಂಬಕ್ಕೆ ಒರಗಿದಳು. ಅರಸನನ್ನೂ ನೋಡಲಿಲ್ಲ, ಅಂಕಪ್ಪಯ್ಯನನ್ನೂ ನೋಡಲಿಲ್ಲ. ಹೆಂಗಸರ ಗುಂಪಿನ ಕಡೆ ತಿರುಗಿ, ಜಗಲಿಯ ಮೇಲೆ ಕೂತು ಮಾತಾಡುವ ಹಾಗೆ ಶುರು ಮಾಡಿದಳು.

"ಅದಕ್ಕಿಂತ ಕೇಳಿ ಅಕ್ಕಂದಿರಾ, ಆ ಕೆರೆ ಮೀನಿನ ಕತೆ. ನಾನು ಬೆಸ್ತರವಳು, ನನಗೆ ಗೊತ್ತಾಗೋದಿಲ್ಲವಾ? ನಿಂತ ನೀರಿನ ಮೀನು. ಕೆಸರು ತಿಂದು ಕೆಸರೇ ಆಗಿರುತ್ತೆ."

ಅಂಕಪ್ಪಯ್ಯ ತೊಲೆ ನೋಡಿದ.

"ಅರಿಸಿನ ಹಚ್ಚಿ ತೊಳಿ, ವಾಸನೆ ಹೋಗಲ್ಲ. ಉಪ್ಪು ಹಚ್ಚಿ ತೊಳಿ, ಹೋಗಲ್ಲ. ಬೂದಿ ಹಚ್ಚಿ ತೊಳಿ, ಹೋಗಲ್ಲ. ಹಿಡಿ ಹುಣಸೆಹಣ್ಣು ಹಿಂಡಿದರೆ ಸಾರು ಮಾತ್ರ ಗಂಟಲಿಗೆ ಇಳಿಯುತ್ತೆ, ಮೀನು ಎಲೆಯಲ್ಲೇ ಉಳಿಯುತ್ತೆ. ಬೆಕ್ಕಿಗೆ ಹಾಕಿದರೆ ಬೆಕ್ಕು ನಮ್ಮ ಮುಖ ನೋಡುತ್ತೆ."

ಅಂಕಪ್ಪಯ್ಯನ ಕಿವಿ ಕೆಂಪಾಯಿತು. ಆದರೂ ತೊಲೆ ನೋಡಿದ.

"ಹೋಗಲಿ ಬಿಡಿ. ನಾವೇನು, ಗಡಿಯಾಚೆ ಹೋಗುವವರು. ಆಚೆ ಸೀಮೆಯವರ ಹೊಳೆ ಮೀನು ತಿಂದುಕೊಂಡು ಸುಖವಾಗಿರುತ್ತೇವೆ. ಅವರು ಹೇಳುತ್ತಾರಂತೆ, ಸೀನೀರು ಕೆರೆ ಮೀನು ಪುಕ್ಕಟೆ ಕೊಟ್ಟರೂ ನಮ್ಮ ನಾಯಿಗೂ ಹಾಕಲ್ಲ ಅಂತ. ಅವರು ಹೇಳೋದು ಸರಿಯೇ..."

"ಯಾವನವನು ಹೇಳಿದ್ದು?"

ಚಾವಡಿಯೇ ನಡುಗಿತು. ಅಂಕಪ್ಪಯ್ಯನ ಉತ್ತರೀಯ ಕೆಳಗೆ ಬಿದ್ದಿತ್ತು. "ಹೊಳೆ ಮೀನಂತೆ, ಹೊಳೆ ಮೀನು! ದಾರಿಯುದ್ದಕ್ಕೂ ಊರೂರಿನ ಕೊಳೆ ತಿಂದು ಬರೋ ಮೀನು ಅದು! ನಮ್ಮ ಕೆರೆ ಗೆಂಡೆಮೀನಿಗೆ ಹುಣಸೆಹುಳಿ ಹಾಕುತ್ತಾಳಂತೆ ಇವಳು! ಪಾಪ ಬರುತ್ತೆ! ಬರೀ ಉಪ್ಪು, ಬರೀ ಮೆಣಸು, ಬಾಳೆಲೆಯಲ್ಲಿ ಸುತ್ತಿ ಕೆಂಡದ ಮೇಲಿಡಬೇಕು. ಬೆರಳಲ್ಲಿ ಮುಟ್ಟಿದರೆ ಬೆಣ್ಣೆ, ನಾಲಿಗೆಗೆ ಇಟ್ಟರೆ ಇಲ್ಲ! ಮೊನ್ನೆ ಸಿಕ್ಕಿದ್ದು ಇಷ್ಟುದ್ದ ಇತ್ತು, ಇಷ್ಟುದ್ದ!"

ಅಂತ ಎರಡೂ ಕೈ ಅಗಲಿಸಿದ.

ಕೈ ಅಗಲಿಸಿದವನು ಹಾಗೇ ನಿಂತುಬಿಟ್ಟ. ಮುಚ್ಚಿಕೊಳ್ಳಲು ಬರಲಿಲ್ಲ. ಕೂಸು ಒಂದೇ ಕಿಲಕಿಲ ನಕ್ಕಿತು. ಅರಸ ಎದ್ದು ಬಂದು, ಆ ಎರಡು ಕೈಗಳ ನಡುವಿನ ಅಗಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ದೊಡ್ಡ ಮೀನೇ," ಅಂದ. "ನಾನು ಅರಸನಾಗಿ ಒಂದು ಸಲವೂ ನನ್ನ ತಾತನ ಕೆರೆಯಲ್ಲಿ ಕಾಲು ತೊಳೆಯಲಿಲ್ಲ. ನೀನು ಮೀನು ಸುಟ್ಟು ತಿಂದೆ." ಆಮೇಲೆ ಗುಡುಗಿದ. "ಈ ಮೂವರನ್ನೂ ಮನೆಮಂದಿ ಸಮೇತ ಗಡಿ ದಾಟಿಸಿ!"

"ಬೇಡ ಬುದ್ಧಿ," ಅಂದಳು ಚಿಕ್ಕತಾಯಿ.

"ಯಾಕೆ ಬೇಡ?"

"ಆಚೆ ಸೀಮೆಯವರೂ ಪಾಪ, ಒಂದು ಕೆರೆ ಇಟ್ಟುಕೊಂಡಿದ್ದಾರೆ. ಅದಲ್ಲದೆ ಇವರ ಮನೆಯ ಮಕ್ಕಳು ಏನು ಮಾಡಿದ್ದಾರೆ? ನನ್ನ ಮಗಳು ಇಳಿದದ್ದಕ್ಕೆ ಈ ಕೂಸು ಗಡಿ ದಾಟಬೇಕಿತ್ತು. ಆ ಕಟ್ಟಳೆ ನಿಮ್ಮ ತಾತ ಮಾಡಿದ್ದಿರಬಹುದು, ಆದರೂ ಅದು ಸೊಟ್ಟ ಕಟ್ಟಳೆ."

ಅರಸ ಮೀಸೆ ಕೆರೆದುಕೊಂಡ. "ಹಾಗಾದರೆ ಏನು ಮಾಡಲಿ?"

"ಬಾಗಿಲು ತೆಗೆಸಿ ಬುದ್ಧಿ."

"ಅಯ್ಯೋ, ಕುಡಿಯುವ ನೀರು!"

"ಇವರು ಇಳಿದ ನೀರನ್ನೇ ಇಷ್ಟು ವರ್ಷ ಕುಡಿದೆವು. ಮಡಿ ಮಡಿ ಅಂದುಕೊಂಡು ಕುಡಿದೆವು. ಯಾರೂ ಇಳಿಯೋದಿಲ್ಲ ಅನ್ನೋ ಸುಳ್ಳಿಗಿಂತ, ಯಾರು ಎಲ್ಲಿ ಇಳಿಯಬೇಕು ಅನ್ನೋ ನಿಜ ಮೇಲು. ಬಡಗಣ ತೂಬಿನ ಕಡೆ ಯಾರ ಕಾಲೂ ಬೇಡ, ನಿಮ್ಮದೂ ಬೇಡ. ತೆಂಕಣ ಮೂಲೆಯಲ್ಲಿ ನಮ್ಮ ಗಂಡಸರು ಗಾಳ ಹಾಕಲಿ, ಮಕ್ಕಳು ಈಜಲಿ, ರಾಚಣ್ಣ ಬೇಕಾದರೆ ಕೂತು ಹಾಡಲಿ. ಮೀನು ಹಿಡಿದವರು ಬೇಸಿಗೆಯಲ್ಲಿ ಹೂಳೆತ್ತಬೇಕು. ಸಂಜೆ ಏರಿಯ ಮೇಲೆ ತಿರುಗಾಡಿದವರು ಕೈಗೆ ಸಿಕ್ಕಿದ ಕಸ ಎತ್ತಿಕೊಂಡೇ ಇಳಿಯಬೇಕು. ನೋಡೋ ಕಣ್ಣು ಜಾಸ್ತಿ ಇದ್ದರೆ ಕದಿಯೋ ಕೈ ಕಡಿಮೆ ಇರುತ್ತೆ ಬುದ್ಧಿ."

ಅರಸನಿಗೆ ಅದು ಸರಿ ಕಂಡಿತು. ಅವನಿಗೂ ಒಂದು ಸಲ ತೆಪ್ಪದಲ್ಲಿ ಕೂರಬೇಕು ಅನ್ನುವ ಆಸೆ ಹುಟ್ಟಿತ್ತು, ಅದು ಬೇರೆ ಮಾತು.

ಬೀಗ ಕಿತ್ತರು. ಗೋಡೆಯ ಕಲ್ಲು ತೆಗೆದು ತೆಂಕಣ ದಡಕ್ಕೆ ಮೆಟ್ಟಿಲು ಮಾಡಿದರು. ಮೊದಲ ದಿನ ಊರಿನ ಮುದುಕಿಯರು ಏರಿ ಹತ್ತಿ ಬಂದು, ತಾವು ಹುಟ್ಟಿದಾಗಿನಿಂದ ಕುಡಿದ ನೀರನ್ನು ಮೊದಲ ಸಲ ಕಂಡು, "ಅಯ್ಯ, ಇಷ್ಟೊಂದು ಇದ್ದೀಯಾ ನನ್ನವ್ವ" ಅಂತ ಕೈ ಮುಗಿದರು. ಚಿಕ್ಕತಾಯಿಯ ಗಂಡ ಹೊಳೆಯ ದಾರಿ ಮರೆತ. ಬೆಳಗ್ಗೆ ಹಿಡಿದ ಮೀನು ಮಧ್ಯಾಹ್ನಕ್ಕೆ ಬಾಣಲೆಯಲ್ಲಿ ಇರುತ್ತಿತ್ತು.

ಗುಡ್ಡಯ್ಯ, ರಾಚಣ್ಣ ಹೂಳೆತ್ತುವವರ ಜೊತೆ ಮಂಕರಿ ಹೊತ್ತರು. ಅಂಕಪ್ಪಯ್ಯನನ್ನು ಊರ ತೊಟ್ಟಿಯ ಹತ್ತಿರ ನಿಲ್ಲಿಸಿದರು. ಬಂದ ಹೆಂಗಸರ ಕೊಡ ತುಂಬಿಸಿ ಸೊಂಟಕ್ಕೆ ಎತ್ತಿಕೊಡುವುದು ಅವನ ಕೆಲಸ. "ಪಾರುಪತ್ಯಗಾರ್ರೇ, ಮೀನು ಎಷ್ಟುದ್ದ ಇತ್ತು?" ಅಂತ ಒಬ್ಬಳು ಕೇಳುವಳು. "ಪಾಪ, ಕೈಯಲ್ಲಿ ಕೊಡ ಇದೆ, ಹೇಗೆ ತೋರಿಸುತ್ತಾರೆ?" ಅಂತ ಇನ್ನೊಬ್ಬಳು ಅನ್ನುವಳು. ಮೂರನೆಯವಳು ನಕ್ಕು ನಕ್ಕು ಅರ್ಧ ನೀರು ಚೆಲ್ಲುವಳು. ಅವನು ಮತ್ತೆ ತುಂಬಿಸುವನು.

ನೀತಿ ಏನು ಅಂತ ತಿಳಿಯಿತಲ್ಲ? ಊರಿಗೊಂದು ಕಟ್ಟಳೆ, ತನಗೊಂದು ಕಟ್ಟಳೆ ಮಾಡಿಕೊಂಡವನನ್ನು ಬೇರೆ ಯಾರೂ ಹಿಡಿಯಬೇಕಿಲ್ಲ, ಅವನ ಬಾಯೇ ಹಿಡಿದುಕೊಡುತ್ತದೆ. ಬೇಲಿ ಹೊಲ ಕಾಯಬೇಕು, ಹೊಲ ಮೇಯಬಾರದು. ಊರಿನ ನೀರು ಊರಿಗೆ ಸೇರಿದ್ದು, ಅದನ್ನು ಕಾಯುವ ಕೆಲಸವೂ ಊರಿಗೇ ಸೇರಿದ್ದು.

ಏಳಬೇಡಿ, ಇನ್ನೂ ಒಂದು ಮಾತಿದೆ.

ಮುಂದಿನ ಬೇಸಿಗೆಯಲ್ಲಿ ಸೀನೀರು ಕೆರೆಯ ಹೆಸರು ಸುತ್ತ ಸೀಮೆಗೆಲ್ಲ ಹಬ್ಬಿತು. ಗಾಡಿ ಕಟ್ಟಿಕೊಂಡು ಪರ ಊರಿನವರೂ ಬಂದರು. ತೆಂಕಣ ದಡದಲ್ಲಿ ಕಾಲಿಡಲು ಜಾಗವಿಲ್ಲ. ಗಾಳದ ಪಕ್ಕ ಗಾಳ, ತೆಪ್ಪದ ಪಕ್ಕ ತೆಪ್ಪ. ಕಡಲೆಪುರಿ ಮಾರುವವರು, ಕಬ್ಬು ಮಾರುವವರು, ನೀರಲ್ಲಿ ಕುಪ್ಪಳಿಸುವ ಮಕ್ಕಳು. ಎಲ್ಲರೂ ಕಟ್ಟಳೆಯಂತೆಯೇ ಇದ್ದರು. ಬಡಗಣದ ಕಡೆ ಒಬ್ಬರೂ ಹೋಗಿರಲಿಲ್ಲ. ಚಿಕ್ಕತಾಯಿ ಏರಿಯ ಮೇಲೆ ಕೂತು ನೋಡುತ್ತಿದ್ದಳು. ಅವಳಿಗೆ ಹೆಮ್ಮೆ. ಇದೆಲ್ಲ ತನ್ನ ಒಂದು ನಾಲಿಗೆಯಿಂದ ಆದದ್ದು.

ಮಲ್ಲಾಜಿ ಈಜಿ ಬಂದು, ತೊಯ್ದ ಲಂಗ ಹಿಂಡುತ್ತ ಪಕ್ಕದಲ್ಲಿ ಕೂತಳು. ಆಮೇಲೆ ಒಂದು ಮಾತು ಕೇಳಿದಳು. ಅರಸನಿಗೆ ಉತ್ತರ ಕೊಟ್ಟವಳು, ಪಾರುಪತ್ಯಗಾರನ ಬಾಯಿ ಬಿಡಿಸಿದವಳು, ಊರಿಗೆಲ್ಲ ಮಾತಿಗೆ ಮಾತು ಎಸೆಯುತ್ತಿದ್ದವಳು, ಆ ಮಾತಿಗೆ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು.

"ಅವ್ವಾ, ನಾನೊಬ್ಬಳು ಇಳಿದರೆ ನೀರು ಕೆಡಲ್ಲ ಸರಿ, ಎಷ್ಟನೆಯವರು ಇಳಿದಾಗ ಕೆಡುತ್ತೆ?"